ಬಾಣಗಂಗೆಯಲ್ಲಿ ನನ್ನ ಲೋಡ್ ಟೆಸ್ಟ್

ಬೇರೆಯವರು ಕಷ್ಟಪಟ್ಟು ಮಾಡಿದ ವಸ್ತುವನ್ನು ನೋಡಿ, ಅಳೆದು, ತೂಗಿ, ಕೊನೆಗೆ "ಇದು ಸರಿಯಿಲ್ಲ" ಎಂದು ಹೇಳುವ ಕೆಲಸಕ್ಕೂ ಸಂಬಳ ಕೊಡುತ್ತಾರೆಂದರೆ ನಮ್ಮೂರು ಹುಮನಾಬಾದಿನಲ್ಲಿ ಇವತ್ತಿಗೂ ಯಾರೂ ನಂಬುವುದಿಲ್ಲ. ಆದರೆ ನಾಶಿಕದ ಸಾತಪುರದಲ್ಲಿ ಇಪ್ಪತ್ತಾರು ವರ್ಷದಿಂದ ನಾನು ಮಾಡುತ್ತಿರುವುದು ಅದನ್ನೇ. ನಮ್ಮ ಕಾರ್ಖಾನೆಯಲ್ಲಿ ಕ್ರೇನಿನ ಕೊಕ್ಕೆಗಳು ತಯಾರಾಗುತ್ತವೆ. ಪ್ರತಿ ಕೊಕ್ಕೆಗೂ ಅದು ಎತ್ತಬೇಕಾದ ತೂಕಕ್ಕಿಂತ ಕಾಲುಭಾಗ ಹೆಚ್ಚು ತೂಕ ನೇತುಹಾಕಿ, ಹತ್ತು ನಿಮಿಷ ಕಾದು, ಏನೂ ಆಗದಿದ್ದರೆ ಸಹಿ ಹಾಕುತ್ತೇನೆ. ಇದಕ್ಕೆ ಲೋಡ್ ಟೆಸ್ಟ್ ಎಂದು ಹೆಸರು. ನನ್ನ ಸಹಿ ಇಲ್ಲದೆ ಒಂದು ಕೊಕ್ಕೆಯೂ ಗೇಟು ದಾಟುವುದಿಲ್ಲ.

ಈ ಅಧಿಕಾರವನ್ನು ಮನೆಗೂ ವಿಸ್ತರಿಸಲು ಪ್ರಯತ್ನಿಸಿದ್ದುಂಟು. ಮದುವೆಯಾದ ಹೊಸತರಲ್ಲಿ ಹೆಂಡತಿ ಮಹಾನಂದಾ ಬಡಿದ ಜೋಳದ ರೊಟ್ಟಿಯ ದಪ್ಪವನ್ನು ವರ್ನಿಯರ್ ಹಿಡಿದು ಅಳೆದಿದ್ದೆ. ಅಂಚಿನಲ್ಲಿ ಒಂದು ಅಳತೆ, ನಡುವೆ ಇನ್ನೊಂದು ಅಳತೆ ಬಂತು. ಹಾಗೆಂದು ಅವಳಿಗೆ ತಿಳಿಸಿದೆ. ಮುಂದಿನ ಎಂಟು ದಿನ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಊಟ ಮಾಡಿದೆ.

ಇಂಥ ಮನೆಗೆ ಕಳೆದ ನವೆಂಬರಿನ ಒಂದು ಶನಿವಾರ ನಮ್ಮ ಮಗಳು ಸ್ನೇಹಲ್ ಕಾರಿನ ತಲೆಯ ಮೇಲೆ ದೋಣಿ ಕಟ್ಟಿಕೊಂಡು ಬಂದಳು. ಅವಳು ಛತ್ರಪತಿ ಸಂಭಾಜಿನಗರದಲ್ಲಿ ಇಂಜಿನಿಯರ್. ದೋಣಿ ಎಂದರೆ ಊರಿನ ಅಂಬಿಗರ ದೋಣಿಯಲ್ಲ, ಕೆನೂ ಅಂತೆ. ಹದಿನೈದು ಅಡಿ ಉದ್ದ, ಎರಡೂ ತುದಿಗೆ ಚೂಪು ಮೂತಿ, ನಡುವೆ ಒಬ್ಬರು ಕೂತರೆ ಪಕ್ಕಕ್ಕೆ ಇನ್ನೊಬ್ಬರು ಕೂರಲಾಗದಷ್ಟು ಅಗಲ. ಕಾರಿನ ಹಿಂದಿನ ಸೀಟಿನಿಂದ ಶೇಂಗಾ ಇಳಿಯಿತು. ಶೇಂಗಾ ಅವಳ ನಾಯಿಯ ಹೆಸರು. ಮರಿಯಾಗಿದ್ದಾಗ ಅವಳ ಕಾರ್ಖಾನೆಯ ಗೇಟಿನಲ್ಲಿ ಸಿಕ್ಕಿದ್ದು. ಬಣ್ಣ ಥೇಟ್ ಹುರಿದ ಶೇಂಗಾದ್ದು.

"ಪಪ್ಪಾ, ನಾನೂ ಶೇಂಗಾ ಗೋದಾವರಿ ಒಳಗ ಪೈಠಣ ತನಕ ಹೋಗ್ತೀವಿ. ಆಠ್ ದಿನ. ಪೂರಾ ಗ್ರೂಪ್ ಅದ, ಟೆನ್ಶನ್ ನಕೋ," ಎಂದಳು. ನಮ್ಮ ಮಗಳ ಮಾತು ಕನ್ನಡದಲ್ಲಿ ಹೊರಟು, ಹಿಂದಿಯಲ್ಲಿ ಚಹಾ ಕುಡಿದು, ಮರಾಠಿಯಲ್ಲಿ ಮನೆ ಸೇರುತ್ತದೆ.

ಗುಂಪಿನವರು ಒಂದು ಫಾರ್ಮು ಕೊಟ್ಟಿದ್ದರು. ಭಾನುವಾರ ರಾತ್ರಿ ಎಂಟರೊಳಗೆ ಎರಡು ಸಂಗತಿ ಕಳಿಸಬೇಕು: ಮನೆಯ ಹಿರಿಯರೊಬ್ಬರ ಒಪ್ಪಿಗೆಯ ಸಹಿ, ಪೂರಾ ಸಾಮಾನು ಮತ್ತು ನಾಯಿಯನ್ನು ಹೇರಿ ದೋಣಿಯನ್ನು ನೀರಿನಲ್ಲಿ ನಡೆಸಿದ ವಿಡಿಯೋ. ಎರಡರಲ್ಲಿ ಒಂದು ತಪ್ಪಿದರೂ ಅವಳ ಹೆಸರು ಪಟ್ಟಿಯಿಂದ ಹೊರಗೆ. ಒಂದು ವರ್ಷದಿಂದ ರಜೆಯ ದಿನವೆಲ್ಲ ಕೆರೆಯಲ್ಲಿ ಹುಟ್ಟು ಹಾಕಿ ಹಾಕಿ ಅವಳ ಅಂಗೈ ನಮ್ಮ ಫಿಟ್ಟರುಗಳ ಅಂಗೈಯಷ್ಟು ಗಟ್ಟಿಯಾಗಿತ್ತು.

ಮಹಾನಂದಾ ಫಾರ್ಮನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ನಿಮ್ಮ ಪಪ್ಪಾ ಸಹಿ ಹಾಕಿದ್ರ ನಂದೇನೂ ತಕರಾರಿಲ್ಲವ್ವಾ. ನಾಕು ಕಡಿ ತಿರುವಿ ನೋಡದೇ ಅವರು ಸಹಿ ಹಾಕೋ ಪೈಕಿ ಅಲ್ಲ," ಎಂದು ನನ್ನ ಕಡೆ ತಳ್ಳಿದಳು.

ಒಂದು ಸತ್ಯವನ್ನು ಈಗಲೇ ಹೇಳಿಬಿಡುತ್ತೇನೆ. ನನಗೆ ಭಯವಾಯಿತು. ನನಗೆ ಈಜು ಬರುವುದಿಲ್ಲ. ಚಿಕ್ಕಂದಿನಲ್ಲಿ ಓರಗೆಯವರೆಲ್ಲ ಬಾವಿಗೆ ಧುಮುಕುವಾಗ ನಾನು ಮೇಲೆ ಕೂತು ಅವರ ಚಪ್ಪಲಿ ಕಾಯುತ್ತಿದ್ದೆ. ಇರುವವಳು ಒಬ್ಬಳೇ ಮಗಳು. ಅವಳು ಎಂಟು ದಿನ ನೀರಿನ ಮೇಲೆ ಇರುವವಳು. ಆದರೆ ದುಡಿದು ತಿನ್ನುವ ಇಪ್ಪತ್ತನಾಲ್ಕು ವರ್ಷದ ಮಗಳಿಗೆ ನೇರವಾಗಿ "ಬೇಡ" ಎನ್ನುವ ಧೈರ್ಯವೂ ನನಗಿರಲಿಲ್ಲ.

ಬೇಡ ಎನ್ನಲಾಗದ ಅಧಿಕಾರಿ ಏನು ಮಾಡುತ್ತಾನೆ? "ಪರೀಕ್ಷೆ ಆಗಲಿ" ಎನ್ನುತ್ತಾನೆ. ಪಾಸಾಗದಂಥ ಪರೀಕ್ಷೆಯನ್ನು ಏರ್ಪಡಿಸುತ್ತಾನೆ. ಆಮೇಲೆ ಬಹಳ ವಿಷಾದದಿಂದ ತಲೆ ಅಲ್ಲಾಡಿಸುತ್ತಾನೆ.

"ಸಹಿ ಹಾಕ್ತೀನಿ, ಆದ್ರ ಲೋಡ್ ಟೆಸ್ಟ್ ನಾನೇ ಮಾಡಾಂವ," ಎಂದು ಘೋಷಿಸಿದೆ. ಸ್ನೇಹಲ್ ಹಿಗ್ಗಿ ನನ್ನ ಕುತ್ತಿಗೆಗೆ ಜೋತುಬಿದ್ದಳು. ಪಾಪ, ತಂದೆ ಎಂಥ ಮನುಷ್ಯ ಎಂದು ಅವಳಿಗೆ ಗೊತ್ತಿರಲಿಲ್ಲ!

ಶನಿವಾರ ಸಂಜೆಯೆಲ್ಲ ಕೂತು ಲೆಕ್ಕ ಹಾಕಿದೆ. ಸ್ನೇಹಲ್ ಐವತ್ತಾರು ಕಿಲೋ, ಶೇಂಗಾ ಇಪ್ಪತ್ತೆರಡು, ಡೇರೆ, ಅಕ್ಕಿ, ಬೇಳೆ, ನೀರು ಎಲ್ಲ ಸೇರಿ ಮೂವತ್ತನಾಲ್ಕು. ಒಟ್ಟು ನೂರ ಹನ್ನೆರಡು. ಅದರ ಮೇಲೆ ಕಾಲುಭಾಗ ಸೇರಿಸಿದರೆ ನೂರ ನಲವತ್ತು. ದೋಣಿಯ ಮೈಮೇಲೆ ಇನ್ನೂರು ಕಿಲೋ ಹೊರುತ್ತದೆಂದು ಅಚ್ಚು ಹಾಕಿದ್ದರು. ಅಚ್ಚು ಹಾಕಿದ್ದನ್ನೆಲ್ಲ ನಂಬಿದ್ದರೆ ನನ್ನ ಹುದ್ದೆಯೇ ಇರುತ್ತಿರಲಿಲ್ಲ. ದೋಣಿಯ ಉದ್ದ, ಅಗಲ, ಅಂಚಿನ ದಪ್ಪ ಎಲ್ಲವನ್ನೂ ಅಳೆದು ಎರಡು ಹಾಳೆ ತುಂಬಿಸಿದೆ. ಅಳೆಯದೆ ಬಿಟ್ಟದ್ದು ಒಂದೇ, ನದಿಯ ಆಳ. ಅದು ನನ್ನ ವಿಭಾಗಕ್ಕೆ ಬರುವುದಿಲ್ಲ ಎಂದುಕೊಂಡೆ.

ಭಾನುವಾರದ ಪರೀಕ್ಷೆಗೆ ಓಝರ್ ಕಡೆಯ ಬಾಣಗಂಗಾ ನದಿಯನ್ನು ಆರಿಸಿದೆ. ಗೋದಾವರಿ ಯಾಕೆ ಬೇಡ ಎಂದು ಸ್ನೇಹಲ್ ಕೇಳಿದಾಗ, "ನಿಯಂತ್ರಿತ ವಾತಾವರಣ ಬೇಕು" ಎಂದು ಗಂಭೀರವಾಗಿ ಉತ್ತರಿಸಿದೆ. ನಿಜವಾದ ಕಾರಣ ಬೇರೆ. ಬಾಣಗಂಗಾ ಇಕ್ಕಟ್ಟಿನ ನದಿ. ಒಂದು ದಂಡೆ ಕೈತಪ್ಪಿದರೆ ಇನ್ನೊಂದು ದಂಡೆ ಕೈಗೆ ಸಿಗುತ್ತದೆ.

ಅಲ್ಲಿ ನದಿಗೆ ಹತ್ತಿಕೊಂಡೇ ನನ್ನ ಹಳೆಯ ಪರಿಚಯದ ರೈತರೊಬ್ಬರ ಹೊಲವಿದೆ. ಊರೆಲ್ಲ ಅವರನ್ನು ಅಣ್ಣಾ ಎಂದೇ ಕರೆಯುತ್ತದೆ. ಸೋಮವಾರ ಲಾಸಲಗಾಂವ್ ಮಾರ್ಕೆಟ್ಟಿಗೆ ಒಯ್ಯಲೆಂದು ಅವರು ಗೋಲ್ಟಿ, ಅಂದರೆ ಸಣ್ಣ ಗಾತ್ರದ ಉಳ್ಳಾಗಡ್ಡಿ ಚೀಲಗಳನ್ನು ತುಂಬಿ ಇಟ್ಟಿದ್ದರು. ಒಂದು ತಾಸಿನ ಮಟ್ಟಿಗೆ ಎರಡೂವರೆ ಚೀಲ ಕೊಡಿ, ಹೇಗೆ ಒಯ್ದೆನೋ ಹಾಗೇ ತಂದು ಕೊಡುತ್ತೇನೆ ಎಂದೆ. ಅಣ್ಣಾ ನನ್ನ ಹಳದಿ ಹೆಲ್ಮೆಟ್ಟನ್ನೂ ಕಬ್ಬಿಣದ ಮೂತಿಯ ಸೇಫ್ಟಿ ಬೂಟನ್ನೂ ನೋಡಿದರು. ಮೇಲೆ ಸ್ನೇಹಲ್ ಬಲವಂತದಿಂದ ತೊಡಿಸಿದ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟು ಬೇರೆ ಇತ್ತು.

"ಸಾಹೇಬ, ಈಜು ಬರ್ತದಲ್ಲ?" ಎಂದು ಮರಾಠಿಯಲ್ಲಿ ಕೇಳಿದರು.

"ಅಣ್ಣಾ, ಟೆಸ್ಟಿಂಗಿಗೂ ಈಜಿಗೂ ಸಂಬಂಧವಿಲ್ಲ," ಎಂದು ಅದೇ ಭಾಷೆಯಲ್ಲಿ ಉತ್ತರ ಕೊಟ್ಟೆ.

ಐವತ್ತು ಕಿಲೋದ ಎರಡು ಚೀಲ ದೋಣಿಯ ನಡುವೆ ಕೂತವು. ಲೆಕ್ಕಕ್ಕೆ ಇನ್ನೂ ಹದಿನೆಂಟು ಕಿಲೋ ಬೇಕಿತ್ತು. ಮೂರನೇ ಚೀಲದಿಂದ ಒಂದೊಂದೇ ಗಡ್ಡೆ ತೆಗೆದು, ಅಣ್ಣಾ ಅವರ ತಕ್ಕಡಿಯಲ್ಲಿ ತೂಗಿ, ಹದಿನೆಂಟಕ್ಕೆ ಸರಿಯಾಗಿ ತಂದು ನಿಲ್ಲಿಸಿದೆ. ಕೊನೆಗೆ ಹೆಚ್ಚು ಕಡಿಮೆ ಮಾಡಬೇಕಾದೀತೆಂದು ಆ ಚೀಲದ ಬಾಯಿ ಹೊಲಿಯದೆ ಹಾಗೇ ಬಿಟ್ಟೆ. ಇಪ್ಪತ್ತೆರಡು ಕಿಲೋದ ಶೇಂಗಾ ತಾನಾಗಿ ಹಾರಿ ಮುಂದಿನ ಮೂತಿಯಲ್ಲಿ ಕೂತಿತು. ನೂರ ನಲವತ್ತು!

ಅಷ್ಟರಲ್ಲಿ ಮಹಾನಂದಾ, "ನಿಂದರ್ರಿ. ಪೂಜಾ ಮಾಡಲಾರದೇ ಹೊಸಾ ಗಾಡಿ ಮುಟ್ಟಬಾರ್ದು," ಎಂದು ಬುಟ್ಟಿ ತೆರೆದಳು. ಊದುಬತ್ತಿ, ವಿಭೂತಿ, ತೆಂಗಿನಕಾಯಿ, ಲಿಂಬೆಹಣ್ಣು ಎಲ್ಲ ಬಂದಿದ್ದವು. ದೋಣಿಯ ಮೂತಿಗೆ ಮೂರು ಬೆರಳಿನ ವಿಭೂತಿ ಬಿತ್ತು. ಕಾಯಿಯನ್ನು ದೋಣಿಗೇ ಒಡೆಯಲು ಹೋದವಳನ್ನು ನಾನು ಅಡ್ಡ ಬಂದು ತಡೆದೆ. ಆಮೇಲೆ ಲಿಂಬೆಹಣ್ಣಿನ ಸಮಸ್ಯೆ ಎದ್ದಿತು. ಕಾರಾದರೆ ಗಾಲಿಯ ಕೆಳಗೆ ಇಡಬಹುದು. ಗಾಲಿಯೇ ಇಲ್ಲದ ಗಾಡಿಗೆ ಎಲ್ಲಿ ಇಡುವುದು? ಬಹಳ ಯೋಚಿಸಿ ಅವಳು ಹಣ್ಣನ್ನು ಭಕ್ತಿಯಿಂದ ನೀರಿಗೆ ಎಸೆದಳು. ಶೇಂಗಾ ಜಿಗಿದು, ಅದನ್ನು ಕಚ್ಚಿ ತಂದು, ಅವಳ ಪಾದದ ಹತ್ತಿರ ಇಟ್ಟಿತು. ಮತ್ತೆ ಎಸೆದಳು. ಮತ್ತೆ ತಂದಿತು. ಮೂರನೇ ಸಲವೂ ಹಣ್ಣು ಕಾಲಬುಡಕ್ಕೇ ಬಂದಾಗ ಅವಳ ಮುಖ ಸಣ್ಣದಾಯಿತು.

"ರೀ, ದೇವರಿಗೆ ಮನಸಿಲ್ಲ ಕಾಣಸ್ತದ. ಬ್ಯಾಡ ಬಿಡ್ರಿ."

"ದೇವರಲ್ಲ ಮಮ್ಮಿ, ಫೆಚ್ ಟ್ರೇನಿಂಗ್! ಏನ್ ಒಗೆದ್ರೂ ವಾಪಸ್ ತರ್ತಾನ," ಎಂದು ಸ್ನೇಹಲ್ ನಕ್ಕಳು.

ಶೇಂಗಾ ಮತ್ತೆ ದೋಣಿಯ ಮೂತಿಗೆ ಹಾರಿ ಕೂತಿತು. ನಾನು ಹುಟ್ಟು ಹಿಡಿದು ದೋಣಿಯ ಹಿಂಭಾಗಕ್ಕೆ ಕಾಲಿಟ್ಟೆ. ಮೊಬೈಲಿನಲ್ಲಿ ವಿಡಿಯೋ ಶುರು ಮಾಡಿದ್ದ ಸ್ನೇಹಲ್ ಒಮ್ಮೆಲೇ ಚೀರಿದಳು: "ಪಪ್ಪಾ, ಲೋಡ್ ಪೂರಾ ಆಯ್ತಲ್ಲ! ನಿಮ್ಮ ವಜನ್ ಲೆಕ್ಕದಾಗ ಎಲ್ಲದ?"

ಇಲ್ಲಿ ಓದುಗರು ನನ್ನ ವೃತ್ತಿಯನ್ನು ಸ್ವಲ್ಪ ಅರ್ಥಮಾಡಿಕೊಳ್ಳಬೇಕು. ಕಾರ್ಖಾನೆಯಲ್ಲಿ ತೂಕ ಕೊಕ್ಕೆಗೆ ನೇತಾಡುತ್ತಿರುತ್ತದೆ, ಇನ್ಸ್‌ಪೆಕ್ಟರ್ ಹಳದಿ ಗೆರೆಯ ಆಚೆ ನಿಂತಿರುತ್ತಾನೆ. ಇಪ್ಪತ್ತಾರು ವರ್ಷದಲ್ಲಿ ನನ್ನ ತೂಕವನ್ನು ಯಾವ ರಿಪೋರ್ಟಿನಲ್ಲೂ ಯಾರೂ ಬರೆದಿಲ್ಲ. ನಾನು ಪರೀಕ್ಷಿಸುವವನು, ಪರೀಕ್ಷೆಯ ಭಾಗವಲ್ಲ.

"ಇನ್ಸ್‌ಪೆಕ್ಟರ್ ಲೆಕ್ಕಕ್ಕ ಬರೋದಿಲ್ಲವ್ವಾ," ಎಂದು ಮುಗುಳ್ನಕ್ಕು ಕೂತೆ. ಲೆಕ್ಕಕ್ಕೆ ಬರದ ನನ್ನ ಎಂಬತ್ತನಾಲ್ಕು ಕಿಲೋ ಕೂತ ಕೂಡಲೇ ನೀರು ದೋಣಿಯ ಅಂಚಿನ ಹತ್ತಿರಕ್ಕೆ ಬಂದು ನನ್ನನ್ನು ಇಣುಕಿ ನೋಡಿತು.

ಆದರೂ ದೋಣಿ ತೇಲಿತು. ನನಗೆ ಆಶ್ಚರ್ಯವಾಯಿತು, ನಿಜ ಹೇಳಬೇಕೆಂದರೆ ನಿರಾಶೆಯಾಯಿತು. ಹುಟ್ಟನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಾಕಿದೆ. ದೋಣಿ ಮುಂದೆ ಹೋಗಬೇಕಿತ್ತು, ಅಡ್ಡ ತಿರುಗಿತು. ಹದಿನೈದು ಅಡಿಯ ದೋಣಿ, ಅದಕ್ಕಿಂತ ಒಂದೆರಡು ಮೊಳ ಹೆಚ್ಚು ಅಗಲದ ನದಿ! ಮುಂದಿನ ಮೂತಿ ಆಚೆ ದಂಡೆಯ ಕೆಸರಿಗೆ ನಾಟಿತು, ಹಿಂದಿನದು ಈಚೆ ದಂಡೆಯ ಹತ್ತಿರ ನಿಂತಿತು.

"ಹಾಗೇ ಇರಿ ಸಾಹೇಬ, ಆಡು ದಾಟಿಸಿಕೊಂಡು ಬಿಡ್ತೀನಿ," ಎಂದು ಅಣ್ಣಾ ದಂಡೆಯಿಂದ ಕೂಗಿದರು. ನಾನು ಕೇಳಿಸದವನಂತೆ ಹುಟ್ಟಿನಿಂದ ಕೆಸರನ್ನು ತಳ್ಳಿ ತಳ್ಳಿ ಹೇಗೋ ದೋಣಿಯನ್ನು ನೇರ ಮಾಡಿದೆ.

ಹತ್ತು ನಿಮಿಷ ಮುಗಿಯಿತು. ದೋಣಿಯಲ್ಲಿ ಒಂದು ಹನಿ ನೀರಿಲ್ಲ, ಬಿರುಕಿಲ್ಲ, ಬಾಗಿಲ್ಲ. ಶೇಂಗಾ ಅಲ್ಲಾಡದೆ ಕೂತಿತ್ತು. ನನ್ನ ಎದೆಯಲ್ಲಿ ಮಾತ್ರ ಭಾರ. ಇದು ಪಾಸಾದರೆ ಸಹಿ ಹಾಕಬೇಕು, ಸಹಿ ಹಾಕಿದರೆ ಮಗಳು ಹೊರಟುಹೋಗುತ್ತಾಳೆ. ಏನಾದರೂ ಒಂದು ದೋಷ, ಒಂದು ಸಣ್ಣ ಗೀರು ಸಿಗಲೇಬೇಕಲ್ಲ! ಚೀಲಗಳ ಆಚೆ, ನಾಯಿಯ ಹಿಂದೆ, ತಳದಲ್ಲಿ ಏನೋ ಗೆರೆ ಕಂಡಂತಾಯಿತು. ಕೂತಲ್ಲಿಂದ ಸರಿಯಾಗಿ ಕಾಣಲಿಲ್ಲ. ಪರೀಕ್ಷೆಯ ಕೊನೆಗೆ ಎದ್ದು ನಿಂತು, ಬಗ್ಗಿ, ಕಣ್ಣಾರೆ ನೋಡಿ ಬರೆಯುವುದು ನನ್ನ ಹಳೆಯ ಪದ್ಧತಿ.

ಎದ್ದು ನಿಂತೆ.

"ಪಪ್ಪಾ, ಬೈಠೋ!" ಎಂದು ಸ್ನೇಹಲ್ ಕೂಗಿದ್ದು ಕೇಳಿಸಿತು. ಅದಕ್ಕೆ ಉತ್ತರ ಕೊಡಲು ಅವಳ ಕಡೆ ತಿರುಗಿದೆ. ದೋಣಿಯೂ ನನ್ನ ಜೊತೆ ತಿರುಗಿತು. ಕೈಗೆ ಸಿಕ್ಕಿದ್ದನ್ನು ಹಿಡಿದೆ. ಸಿಕ್ಕಿದ್ದು ಬಾಯಿ ತೆರೆದ ಚೀಲ! ನಾನೂ ಹದಿನೆಂಟು ಕಿಲೋ ಉಳ್ಳಾಗಡ್ಡಿಯೂ ಕೈಕೈ ಹಿಡಿದುಕೊಂಡು ಬಾಣಗಂಗೆಗೆ ಇಳಿದೆವು. ನಮ್ಮಿಬ್ಬರ ಕಾಟ ಕಳೆದದ್ದೇ ತಡ, ದೋಣಿ ಎರಡು ಸಲ ತೂಗಿ ನೆಟ್ಟಗೆ ನಿಂತಿತು. ಶೇಂಗಾ ಮೂತಿಯಲ್ಲಿ ಕೂತೇ ಇತ್ತು. ಹಿರಿಯ ಅಧಿಕಾರಿ ಹೊಸ ಅಪ್ರೆಂಟಿಸನನ್ನು ನೋಡುವಂತೆ ನನ್ನನ್ನು ನೋಡಿತು.

ಲೈಫ್ ಜಾಕೆಟ್ಟು ನನ್ನನ್ನು ಮುಳುಗಲು ಬಿಡಲಿಲ್ಲ, ಅಂಗಾತ ಮಲಗಿಸಿತು. ಮೇಲೆ ಆಕಾಶ, ಕೆಳಗೆ ಎಷ್ಟು ಆಳವೋ ಏನೋ! "ಮಹಾನಂದಾ, ನಾ ಹೋದೆ! ಪಿಎಫ್ ಕಾಗದ ಮ್ಯಾಲಿನ ಕಪಾಟಿನಾಗ ಅವ!" ಎಂದು ಕೂಗಿದೆ. ಬಾಯಿಗೆ ನೀರು ಬಂತು. ಅದರ ಹಿಂದೆಯೇ ಒಂದು ಉಳ್ಳಾಗಡ್ಡಿ ಬಂತು. ಉಳ್ಳಾಗಡ್ಡಿ ನೀರಿನಲ್ಲಿ ತೇಲುತ್ತದೆಂದು ಇಪ್ಪತ್ತಾರು ವರ್ಷ ನಾಶಿಕದಲ್ಲಿದ್ದೂ ನನಗೆ ಗೊತ್ತಿರಲಿಲ್ಲ. ನನ್ನ ಸುತ್ತ ನೂರಾರು ಗೋಲ್ಟಿಗಳು ಮೆರವಣಿಗೆ ಹೊರಟಿದ್ದವು.

"ಉಭೇ ರಾಹಾ ಸಾಹೇಬ! ಉಭೇ ರಾಹಾ!" ಎಂದು ಅಣ್ಣಾ ದಂಡೆಯಿಂದ ಕೂಗತೊಡಗಿದರು. ಎದ್ದು ನಿಲ್ಲಿ ಎಂದು ಅರ್ಥ. ನನಗೆ ರೇಗಿತು. ಎದ್ದು ನಿಂತದ್ದಕ್ಕೇ ತಾನೇ ಬಿದ್ದದ್ದು!

ಅಷ್ಟರಲ್ಲಿ ಸ್ನೇಹಲ್ ಮೊಬೈಲನ್ನು ತಾಯಿಯ ಕೈಗೆ ತುರುಕಿ ನೀರಿಗೆ ಧುಮುಕಿದಳು. ನೀರು ಚಿಮ್ಮಿಸುತ್ತಾ ನನ್ನ ಕಡೆಗೇ ಓಡಿ ಬರುತ್ತಿದ್ದಳು. ಆ ಸಂಕಟದಲ್ಲೂ ನನ್ನ ಕಣ್ಣು ತುಂಬಿ ಬಂತು. ಇಂಥ ಮಗಳ ದೋಣಿಯಲ್ಲಿ ದೋಷ ಹುಡುಕಲು ಹೊರಟಿದ್ದೆನಲ್ಲ, ಥೂ ನನ್ನ ಜನ್ಮಕ್ಕೆ ಎಂದುಕೊಂಡು ಎರಡೂ ಕೈ ಚಾಚಿದೆ. ಅವಳು ನನ್ನನ್ನು ಸುತ್ತು ಹಾಕಿ ಮುಂದೆ ಓಡಿದಳು!

"ಶೇಂಗಾ, ಛೋಡ್! ಛೋಡ್ ದೇ! ಕಾಂದಾ ನಾಯಿಗೆ ವಿಷ ಪಪ್ಪಾ, ವಿಷ!"

ಕಾಂದಾ ಎಂದರೆ ಉಳ್ಳಾಗಡ್ಡಿ. ಕುತ್ತಿಗೆ ತಿರುಗಿಸಿ ನೋಡಿದೆ. ಶೇಂಗಾ ದೋಣಿಯಿಂದ ಇಳಿದು ತೇಲುವ ಉಳ್ಳಾಗಡ್ಡಿಗಳನ್ನು ಒಂದೊಂದಾಗಿ ಕಚ್ಚಿ ತಂದು ದಂಡೆಯಲ್ಲಿ ಮಹಾನಂದಾಳ ಪಾದದ ಹತ್ತಿರ ಇಡುತ್ತಿತ್ತು. ಆಗಲೇ ಐದಾರು ಜಮೆಯಾಗಿದ್ದವು. ಆದರೆ ನನ್ನ ಕಣ್ಣಿಗೆ ಬಿದ್ದದ್ದು ಇನ್ನೊಂದು ವಿಷಯ. ನಾಯಿ ಈಜುತ್ತಿರಲಿಲ್ಲ. ನಡೆಯುತ್ತಿತ್ತು! ನೀರು ಅದರ ಹೊಟ್ಟೆಯನ್ನು ಮಾತ್ರ ಮುಟ್ಟುತ್ತಿತ್ತು.

ನಾನು ಮೆಲ್ಲಗೆ ಮಗ್ಗುಲಾಗಿ, ಮೊಣಕೈ ಊರಿ ಎದ್ದು ನಿಂತೆ. ನೀರು ನನ್ನ ಮೊಣಕಾಲಿನವರೆಗೆ ಬಂತು. ಸೇಫ್ಟಿ ಬೂಟಿನಿಂದ ಬುಳುಬುಳು ಸದ್ದು ಬಂತು. ದಂಡೆಯಲ್ಲಿ ಅಣ್ಣಾ ಟೋಪಿಯಿಂದ ಮುಖ ಮುಚ್ಚಿಕೊಂಡು ನಗುತ್ತಿದ್ದರು.

ಸ್ನೇಹಲ್ ನಾಯಿಯ ಬಾಯಿಯನ್ನು ಬಿಚ್ಚಿ ಬಿಚ್ಚಿ ನೋಡಿದಳು. ತಾಯಿಯ ಕೈಯಿಂದ ಮೊಬೈಲು ಕಸಿದುಕೊಂಡು ಪಶುವೈದ್ಯರಿಗೆ ಫೋನು ಮಾಡಿದಳು. ನುಂಗಿಲ್ಲವೆಂದರೆ ಹೆದರಬೇಡಿ, ಬಾಯಿ ತೊಳೆದು ಎರಡು ದಿನ ಕಣ್ಣಿಟ್ಟಿರಿ ಎಂದರಂತೆ. ದಂಡೆಯ ಮೇಲಿದ್ದ ಗಡ್ಡೆಗಳನ್ನು ಒಂದೊಂದಾಗಿ ತಿರುವಿ ನೋಡಿದೆವು. ಒಂದರ ಸಿಪ್ಪೆಯೂ ಹರಿದಿರಲಿಲ್ಲ. ಆ ನಾಯಿಯ ಬಾಯಿಯ ಹದ ನನ್ನ ಕೈಗೂ ಇರಲಿಲ್ಲ! ಆದರೂ ನಾಚಿಕೆ ಮತ್ತು ಹೆದರಿಕೆ ಒಟ್ಟಿಗೇ ಆದವು. ನನ್ನ ಹಟಕ್ಕೆ ಆ ಮೂಕಪ್ರಾಣಿಗೆ ಏನಾದರೂ ಆಗಿದ್ದರೆ ಮಗಳ ಮುಖ ಹೇಗೆ ನೋಡುತ್ತಿದ್ದೆ?

ನೆನೆದ ಗೋಲ್ಟಿ ಎರಡು ದಿನದಲ್ಲಿ ಕೊಳೆಯುತ್ತದೆ, ಮಾರ್ಕೆಟ್ಟಿಗೆ ಒಯ್ಯುವ ಹಾಗಿಲ್ಲ. ಅಣ್ಣಾ ಸಿಕ್ಕಷ್ಟನ್ನೂ ಬಾಚಿ ನಮ್ಮ ಕಾರಿನ ಡಿಕ್ಕಿಗೆ ತುಂಬಿ, "ಟೆಸ್ಟ್ ಮುಗಿದ ಮಾಲು, ನೀವೇ ತಿನ್ನಿ," ಎಂದು ಕಳಿಸಿದರು.

ಮನೆ ಮುಟ್ಟಿದಾಗ ಹೊತ್ತು ಮುಳುಗಿತ್ತು. ಬಿಸಿನೀರು ಹೊಯ್ದುಕೊಂಡು, ಚಾದರ ಹೊದ್ದು ಕುರ್ಚಿಯಲ್ಲಿ ಕೂತೆ. ಎದುರಿಗೆ ಮೇಜಿನ ಮೇಲೆ ಫಾರ್ಮು, ಅದರ ಮೇಲೆ ಪೆನ್ನು. ಒಳಗಿನಿಂದ ಉಳ್ಳಾಗಡ್ಡಿ ಹೆಚ್ಚುವ ಸದ್ದು ಬರುತ್ತಿತ್ತು.

"ಪರೀಕ್ಷೆ ಅಪೂರ್ಣ. ಇನ್ನೊಮ್ಮೆ ಮಾಡಬೇಕಾಗ್ತದ," ಎಂದು ಗಂಟಲು ಸರಿಮಾಡಿಕೊಂಡು ಹೇಳಿದೆ.

ಸ್ನೇಹಲ್ ಜಗಳ ಆಡಲಿಲ್ಲ. ಪಕ್ಕದಲ್ಲಿ ಕೂತು ಮೊಬೈಲಿನಲ್ಲಿ ವಿಡಿಯೋ ಹಚ್ಚಿದಳು. ದೋಣಿ ಹನ್ನೊಂದು ನಿಮಿಷ ಇನ್ನೂರ ಇಪ್ಪತ್ತನಾಲ್ಕು ಕಿಲೋ ಹೊತ್ತು ತೇಲಿತ್ತು. ಅಚ್ಚು ಹಾಕಿದ್ದಕ್ಕಿಂತ ಇಪ್ಪತ್ತನಾಲ್ಕು ಹೆಚ್ಚು! ಹನ್ನೆರಡನೇ ನಿಮಿಷದಲ್ಲಿ ಹಳದಿ ಹೆಲ್ಮೆಟ್ಟಿನ ಒಬ್ಬ ಮನುಷ್ಯ ಭಾಷಣಕ್ಕೆ ನಿಂತಂತೆ ಎದ್ದು ನಿಲ್ಲುತ್ತಾನೆ, ಮಾಯವಾಗುತ್ತಾನೆ. ದೋಣಿ ಸುಮ್ಮನೆ ತೇಲುತ್ತಿರುತ್ತದೆ.

"ಪಪ್ಪಾ, ಬೋಟ್ ಒಳಗ ಕ್ಯಾ ಖರಾಬ್ ಅದ, ಹೇಳ್ರಿ. ಖರಾಬ್ ಇದ್ರ ನಾ ಹೋಗಲ್ಲ."

ನಾನು ವಿಡಿಯೋವನ್ನು ಎರಡು ಸಲ ಹಿಂದಕ್ಕೆ ಓಡಿಸಿ ಹುಡುಕಿದೆ. ಕೈಯಲ್ಲಿ ಚಾಕು ಹಿಡಿದುಕೊಂಡೇ ಮಹಾನಂದಾ ಬಾಗಿಲಿಗೆ ಬಂದು ನಿಂತಿದ್ದಳು. ಉಳ್ಳಾಗಡ್ಡಿಗೋ ಏನೋ, ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ಬೋಟ್ ಛಲೋ ಅದ," ಎಂದೆ. "ನನಗಽ ಹೆದ್ರಿಕಿ ಆಗ್ಲತ್ತದ."

"ಗೊತ್ತದ ಪಪ್ಪಾ. ಪೂರಾ ಫೇಲ್ ಮಾಡ್ಲಾಕಽ ಬಂದಿದ್ರಿ ನೀವು." ಅವಳು ನನ್ನ ಚಾದರವನ್ನು ಹೆಗಲಿಗೆ ಎಳೆದು ಸರಿಮಾಡಿದಳು. "ರೋಜ್ ಸಂಜಿಗೆ ಫೋನ್ ಮಾಡ್ತೀನಿ. ಪ್ರಾಮಿಸ್."

ಮಹಾನಂದಾ ಸೆರಗಿನಿಂದ ಕಣ್ಣೊರಸಿಕೊಂಡು, "ಹಾಕ್ರಿ ಸಹಿ. ಮೊಣಕಾಲ್ ನೀರಿನಾಗ ಮುಳುಗೋ ಮನಷ್ಯಾನ ಮಾತ್ ಕೇಳಿ ಕೂಸಿನ ತಡದ್ರ ಆಡಕೊಂಡ್ ನಗ್ತಾರ ಮಂದಿ," ಎಂದಳು.

ಸಹಿ ಹಾಕಿದೆ. ಸ್ನೇಹಲ್ ಫಾರ್ಮಿನ ಫೋಟೋ ತೆಗೆದು, ಜೊತೆಗೆ ವಿಡಿಯೋ ಸೇರಿಸಿ, ಎಂಟಕ್ಕೆ ಹತ್ತು ನಿಮಿಷವಿದೆ ಎನ್ನುವಾಗ ಗುಂಪಿನವರಿಗೆ ಕಳಿಸಿದಳು. ಕೊನೆಯ ನಿಮಿಷವನ್ನು ಕತ್ತರಿಸಿ ಕಳಿಸು ಎಂದು ಬೇಡಿಕೊಂಡೆ. ದಾಖಲೆ ತಿದ್ದುವುದು ತಪ್ಪೆಂದು ನಾನೇ ಕಲಿಸಿದ್ದೇನಂತೆ.

ಕಾಲು ಗಂಟೆಯಲ್ಲಿ ಉತ್ತರ ಬಂತು. ಸ್ನೇಹಲ್ ಓದಿ, ನಗು ತಡೆಯಲಾರದೆ ಮೊಬೈಲನ್ನು ತಾಯಿಗೆ ಕೊಟ್ಟಳು. ಮಹಾನಂದಾ ಮರಾಠಿಯಲ್ಲಿದ್ದ ಆ ಸಾಲುಗಳನ್ನು ಗಟ್ಟಿಯಾಗಿ ಕನ್ನಡ ಮಾಡಿ ಓದಿದಳು:

"ದೋಣಿ ಉತ್ತಮವಾಗಿದೆ, ಒಪ್ಪಿಗೆ. ನಾಯಿ ಬಹಳ ಶಿಸ್ತಿನದು, ಒಪ್ಪಿಗೆ. ಮನೆಯವರ ಸಹಿ ಬಂದಿದೆ, ಧನ್ಯವಾದ. ವಿಡಿಯೋದಲ್ಲಿ ಎದ್ದು ನಿಂತ ಕಾಕಾ ಕೂಡ ಬರುವವರಿದ್ದರೆ ಕ್ಷಮಿಸಿ, ಅವರನ್ನು ಸೇರಿಸಿಕೊಳ್ಳಲು ಆಗುವುದಿಲ್ಲ."

ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ನನ್ನನ್ನೇ ಯಾರೋ ರಿಜೆಕ್ಟ್ ಮಾಡಿದ್ದರು. ನಾಯಿಯನ್ನು ಪಾಸು ಮಾಡಿ!